ಬಯಲಿನಲ್ಲಿ ಟರ್ಕಿ ಬೇಟೆ: ಬೊಂಬೆ ಎಲ್ಲಿ, ಮರೆ ಎಲ್ಲಿ

ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ನೈಋತ್ಯ ಮೂಲೆಯಲ್ಲಿ, ಮಿಸಿಸಿಪಿ ನದಿಗೆ ಒತ್ತಿಕೊಂಡಂತೆ, ಡ್ರಿಫ್ಟ್‌ಲೆಸ್ ಎಂಬ ಗುಡ್ಡಗಾಡು ಇದೆ. ಹಿಮಯುಗದಲ್ಲಿ ಹಿಮನದಿಗಳು ಸುತ್ತಲಿನ ನೆಲವನ್ನೆಲ್ಲ ಉಜ್ಜಿ ತಗ್ಗಿಸಿದರೂ ಈ ಭಾಗವನ್ನು ಮುಟ್ಟಲಿಲ್ಲವಾದ್ದರಿಂದ ಇಲ್ಲಿನ ಏರಿಳಿತಗಳು ಹಾಗೆಯೇ ಉಳಿದುಕೊಂಡಿವೆ. ಗುಡ್ಡದ ನೆತ್ತಿಯ ಮೇಲೆ ಮೆಕ್ಕೆಜೋಳದ ಹೊಲ, ಇಳಿಜಾರಿನಲ್ಲಿ ಓಕ್ ಮರಗಳ ಕಾಡು, ಕೆಳಗೆ ಕಣಿವೆಯಲ್ಲಿ ಹೈನುಗಾರರು ಬೆಳೆಯುವ ಆಲ್ಫಾಲ್ಫಾ, ಅಂದರೆ ನಮ್ಮ ಕುದುರೆಮೆಂತೆ: ಇದು ಅಲ್ಲಿನ ಸಾಮಾನ್ಯ ನೋಟ. ಕಾಡು ಟರ್ಕಿ ಕೋಳಿಗೆ ಇದಕ್ಕಿಂತ ಒಳ್ಳೆಯ ನೆಲ ಸಿಗುವುದು ಕಷ್ಟ. ರಾತ್ರಿ ಕೂರಲು ಎತ್ತರದ ಮರ, ಬೆಳಗ್ಗೆ ಇಳಿದು ಮೇಯಲು ಹೊಲ, ಹುಂಜಗಳಿಗೆ ಮೆರೆಯಲು ಬಯಲು, ಎಲ್ಲವೂ ಕೂಗಳತೆಯಲ್ಲಿವೆ.

ಇಷ್ಟೊಂದು ಅನುಕೂಲವಿದ್ದರೂ 19ನೇ ಶತಮಾನದ ಕೊನೆಯ ಹೊತ್ತಿಗೆ ವಿಸ್ಕಾನ್ಸಿನ್‌ನಲ್ಲಿ ಒಂದೂ ಕಾಡು ಟರ್ಕಿ ಉಳಿದಿರಲಿಲ್ಲ. ಮಿತಿಯಿಲ್ಲದ ಬೇಟೆ ಮತ್ತು ಕಾಡಿನ ನಾಶ ಇದಕ್ಕೆ ಮುಖ್ಯ ಕಾರಣಗಳು. 1976ರಲ್ಲಿ ಮಿಸೌರಿ ರಾಜ್ಯದಿಂದ ಹಕ್ಕಿಗಳನ್ನು ತಂದು ಇಲ್ಲಿನ ವರ್ನನ್ ಕೌಂಟಿಯಲ್ಲಿ ಬಿಡಲಾಯಿತು. ಬದಲಿಗೆ ಮಿಸೌರಿಗೆ ರಫ್ಡ್ ಗ್ರೌಸ್ ಎಂಬ ಕಾಡುಕೋಳಿಯ ಜಾತಿಯ ಹಕ್ಕಿಗಳನ್ನು ಕೊಡಲಾಯಿತು. ಹಕ್ಕಿಗಳು ಎಷ್ಟು ಬೇಗ ನೆಲೆಯೂರಿದವೆಂದರೆ 1983ರಲ್ಲೇ ಮೊದಲ ವಸಂತ ಬೇಟೆಗೆ ಅನುಮತಿ ಸಿಕ್ಕಿತು. ಈಗ ಏಪ್ರಿಲ್ ಮೂರನೆಯ ಬುಧವಾರದಿಂದ ಆರಂಭಿಸಿ ವಾರಕ್ಕೊಂದರಂತೆ ಆರು ಅವಧಿಗಳಲ್ಲಿ, ಪರವಾನಗಿ ಪಡೆದವರು ಹುಂಜಗಳನ್ನು ಬೇಟೆಯಾಡಬಹುದು. ಒಂದು ಹುಂಜ ಹಲವು ಹೇಂಟೆಗಳೊಂದಿಗೆ ಕೂಡುವುದರಿಂದ, ವಸಂತದಲ್ಲಿ ಹೇಂಟೆಗಳನ್ನು ಬಿಟ್ಟು ಕೆಲವು ಹುಂಜಗಳನ್ನು ಮಾತ್ರ ತೆಗೆದರೆ ಮುಂದಿನ ಪೀಳಿಗೆಗೆ ಅಷ್ಟಾಗಿ ಹೊಡೆತ ಬೀಳುವುದಿಲ್ಲ ಎಂಬುದು ಈ ವ್ಯವಸ್ಥೆಯ ಹಿಂದಿನ ಲೆಕ್ಕಾಚಾರ.

ಕಾಡಿನೊಳಗೆ ಟರ್ಕಿ ಬೇಟೆಯಾಡುವವನಿಗೆ ಮರಗಳೇ ಅರ್ಧ ಕೆಲಸ ಮಾಡಿಕೊಡುತ್ತವೆ. ಹೇಂಟೆಯ ದನಿಯನ್ನು ಅನುಕರಿಸಿ ಕರೆದರೆ ಹುಂಜ ಆ ದನಿಯ ಒಡತಿಯನ್ನು ಹುಡುಕಿಕೊಂಡು ಮರಗಳ ಸಂದಿನಲ್ಲಿ ಬರುತ್ತದೆ. ಅವಳು ಅಲ್ಲಿಲ್ಲವೆಂದು ಅದಕ್ಕೆ ಗೊತ್ತಾಗುವ ಹೊತ್ತಿಗೆ ಅದು ಕೋವಿಯ ಅಳವಿನೊಳಗೆ ಬಂದಿರುತ್ತದೆ. ಬಯಲಿನಲ್ಲಿ ಈ ಉಪಾಯ ನಡೆಯುವುದಿಲ್ಲ. ಹೊಲದ ಆ ಅಂಚಿನಲ್ಲಿ ನಿಂತ ಹುಂಜ ಈ ಅಂಚಿನವರೆಗೆ ಎಲ್ಲವನ್ನೂ ನೋಡುತ್ತದೆ. ದನಿ ಕೇಳಿಸಿದ ಜಾಗದಲ್ಲಿ ಹೇಂಟೆ ಕಾಣದಿದ್ದರೆ ಅದು ಒಂದು ಹೆಜ್ಜೆಯನ್ನೂ ಮುಂದಿಡುವುದಿಲ್ಲ. ಹೀಗಾಗಿ ಬಯಲಿನ ಬೇಟೆಗಾರನಿಗೆ ಎರಡು ವಸ್ತುಗಳು ಬೇಕಾಗುತ್ತವೆ: ಹಕ್ಕಿಗೆ ಕಾಣಿಸಲು ಡಿಕಾಯ್ ಎಂದು ಕರೆಯುವ ಆಮಿಷದ ಬೊಂಬೆ, ತಾನು ಕಾಣಿಸದಿರಲು ಬ್ಲೈಂಡ್ ಎಂದು ಕರೆಯುವ ಮರೆ. ಎರಡನ್ನೂ ಅಂಗಡಿಯಲ್ಲಿ ದುಡ್ಡು ಕೊಟ್ಟು ಕೊಳ್ಳಬಹುದು. ಅವುಗಳನ್ನು ಎಲ್ಲಿ ಇಡಬೇಕು ಎಂಬುದನ್ನು ಮಾತ್ರ ಹಕ್ಕಿಯಿಂದಲೇ ಕಲಿಯಬೇಕು.

ಮೊದಲು ಅದರ ಕಣ್ಣಿನ ವಿಷಯ. ಟರ್ಕಿಯ ಕಣ್ಣುಗಳು ತಲೆಯ ಎರಡು ಪಕ್ಕಗಳಲ್ಲಿರುವುದರಿಂದ ತಲೆ ಅಲುಗಾಡಿಸದೆಯೇ ಸುಮಾರು 270 ಡಿಗ್ರಿಯಷ್ಟು ಸುತ್ತಳತೆ ಅದರ ನೋಟಕ್ಕೆ ಸಿಗುತ್ತದೆ. ಕತ್ತನ್ನು ತುಸು ತಿರುಗಿಸಿದರೆ ಉಳಿದದ್ದೂ ಸಿಗುತ್ತದೆ. ಬಣ್ಣಗಳನ್ನು ಅದು ಚೆನ್ನಾಗಿ ಗುರುತಿಸಬಲ್ಲದು. ಎಲ್ಲಕ್ಕಿಂತ ಮುಖ್ಯವಾಗಿ, ಅಲುಗಾಟವನ್ನು ಹಿಡಿಯುವುದರಲ್ಲಿ ಅದನ್ನು ಮೀರಿಸುವ ಬೇಟೆಯ ಹಕ್ಕಿ ಕಡಿಮೆ. ವಾಸನೆಯ ಶಕ್ತಿ ಮಾತ್ರ ಅಷ್ಟಕ್ಕಷ್ಟೆ. ಜಿಂಕೆಯ ಬೇಟೆಗಾರ ಗಾಳಿಯ ದಿಕ್ಕು ನೋಡಿ ಕೂರುತ್ತಾನೆ. ಟರ್ಕಿಯ ಬೇಟೆಗಾರನಿಗೆ ಗಾಳಿಯ ಚಿಂತೆ ಬೇರೆಯ ಕಾರಣಕ್ಕೆ ಬರುತ್ತದೆ, ಅದನ್ನು ಮುಂದೆ ನೋಡೋಣ.

ಎರಡನೆಯದು ಅದರ ಪ್ರಣಯದ ಪದ್ಧತಿ. ಹುಂಜ ನಸುಕಿನಲ್ಲಿ ಮರದ ಮೇಲಿಂದಲೇ ಗಟ್ಟಿಯಾಗಿ ಕೂಗುತ್ತದೆ, ಇಳಿದ ಮೇಲೆ ಬಯಲಿನ ಒಂದು ದಿಬ್ಬದಲ್ಲಿ ನಿಂತು ಗರಿಗೆದರಿ, ರೆಕ್ಕೆಯ ತುದಿಗಳನ್ನು ನೆಲಕ್ಕೆ ಸವರುತ್ತ ಮೆರೆಯುತ್ತದೆ. ಅದನ್ನು ನೋಡಿ ಹೇಂಟೆಗಳು ಅದರ ಬಳಿಗೆ ಬರುತ್ತವೆ. ಅಂದರೆ ನಡೆದು ಬರಬೇಕಾದವಳು ಹೇಂಟೆ, ಕಾಯಬೇಕಾದವನು ಹುಂಜ. ಬೇಟೆಗಾರ ಮಾಡುವುದು ಇದಕ್ಕೆ ತದ್ವಿರುದ್ಧ: ಹೇಂಟೆಯಂತೆ ಕೂಗಿ ಹುಂಜವೇ ನಡೆದು ಬರಲಿ ಎಂದು ಬಯಸುತ್ತಾನೆ. ಇದನ್ನು ಮರೆತವರಿಗೆ ಬಯಲಿನ ಬೇಟೆಯ ಅತಿ ದೊಡ್ಡ ಕಿರಿಕಿರಿ ಅರ್ಥವಾಗುವುದಿಲ್ಲ. ಹುಂಜ ಎಂಬತ್ತು ಗಜ ದೂರದವರೆಗೆ ಉತ್ಸಾಹದಿಂದ ಬಂದು, ಬೊಂಬೆಯನ್ನು ಕಂಡು, ಅಲ್ಲೇ ನಿಂತು ಗರಿಗೆದರಿ ಒಂದು ತಾಸು ಅತ್ತಿತ್ತ ತಿರುಗಿ ಹೊರಟುಹೋಗುತ್ತದೆ. ಅದು ಬೇಟೆಗಾರನ ಮೋಸವನ್ನು ಪತ್ತೆ ಹಚ್ಚಿದ್ದರಿಂದ ನಿಂತಿತೆಂದು ಹೇಳಲಾಗದು. ಬಹಳ ಸಲ ಅದು ತನ್ನ ಕುಲದ ಶಿಷ್ಟಾಚಾರದಂತೆ, ತಾನು ಕಂಡಿದ್ದೇನೆ, ಇನ್ನು ನೀನು ಬಾ ಎಂದು ಕಾಯುತ್ತಿರುತ್ತದೆ. ಬೊಂಬೆಗೆ ಕಾಲಿಲ್ಲ.

ಆದ್ದರಿಂದ ಬೊಂಬೆ ಎಲ್ಲಿರಬೇಕು ಎಂಬ ಪ್ರಶ್ನೆಗಿಂತ ಮೊದಲು ಕೇಳಬೇಕಾದದ್ದು ಹುಂಜ ಎಲ್ಲಿ ನಿಲ್ಲುತ್ತದೆ ಎಂಬುದನ್ನು. ನನ್ನ ಮಟ್ಟಿಗೆ ಬಯಲಿನ ಬೇಟೆಯ ಲೆಕ್ಕವೆಲ್ಲ ಈ ಒಂದು ಪ್ರಶ್ನೆಯಿಂದ ಹಿಂದಕ್ಕೆ ಎಣಿಸುತ್ತ ಬರುವ ಲೆಕ್ಕ. ಹಕ್ಕಿ ನಿಲ್ಲುವ ಜಾಗ ಕೋವಿಯ ಅಳವಿನೊಳಗೆ ಬರಬೇಕು. ಅದು ಬರುವಂತೆ ಬೊಂಬೆಯ ಜಾಗ ಗೊತ್ತಾಗಬೇಕು. ಬೊಂಬೆಯಿಂದ ಮರೆಯ ಜಾಗ ಗೊತ್ತಾಗಬೇಕು. ಹೊಸಬರು ಸಾಮಾನ್ಯವಾಗಿ ಇದನ್ನು ತಲೆಕೆಳಗು ಮಾಡುತ್ತಾರೆ: ಕೂರಲು ಹಿತವಾದ ಜಾಗ ಆರಿಸಿ, ಅಲ್ಲಿಂದ ಚೆನ್ನಾಗಿ ಕಾಣುವ ಕಡೆ ಬೊಂಬೆ ನೆಟ್ಟು, ಹಕ್ಕಿ ಬರಲಿ ಎಂದು ಹಾರೈಸುತ್ತಾರೆ.

ಸಂಖ್ಯೆಗಳಲ್ಲಿ ನೋಡಿದರೆ ಇದು ಸ್ಪಷ್ಟವಾಗುತ್ತದೆ. ಚರೆ ತುಂಬಿದ ತೋಟಾ ಹಾರಿಸುವ 12 ಬೋರಿನ ಷಾಟ್‌ಗನ್‌ಗೆ 40 ಗಜ ಎಂಬುದು ಬಹುಕಾಲದಿಂದ ಒಪ್ಪಿಕೊಂಡು ಬಂದ ಮಿತಿ. ಇತ್ತೀಚಿನ ಟಂಗ್‌ಸ್ಟನ್ ಚರೆಗಳು ಸೀಸಕ್ಕಿಂತ ಬಹಳ ಸಾಂದ್ರವಾಗಿರುವುದರಿಂದ ಇನ್ನೂ ದೂರ ಬಲ ಉಳಿಸಿಕೊಳ್ಳುತ್ತವೆ, ಆದರೂ ಅದನ್ನು ನೆಪ ಮಾಡಿಕೊಂಡು ದೂರದ ಹಕ್ಕಿಯನ್ನು ಗಾಯಗೊಳಿಸಿ ಕಳೆದುಕೊಳ್ಳುವುದನ್ನು ಒಳ್ಳೆಯ ಬೇಟೆಗಾರರು ಒಪ್ಪುವುದಿಲ್ಲ. ಈಗ ಬೊಂಬೆಯನ್ನು 35 ಗಜದಲ್ಲಿ ನೆಟ್ಟರೆಂದುಕೊಳ್ಳಿ. ಹುಂಜ ಬೊಂಬೆಯಿಂದ 20 ಗಜ ಆಚೆಗೆ ನಿಂತರೆ ಅದು 55 ಗಜದಲ್ಲಿದೆ, ಕೈಗೆ ಎಟುಕುವುದಿಲ್ಲ. ಅದೇ ಬೊಂಬೆ 15 ಗಜದಲ್ಲಿದ್ದರೆ ಅದೇ ಸಂಕೋಚದ ಹುಂಜ 35 ಗಜದಲ್ಲಿ ನಿಲ್ಲುತ್ತದೆ, ಅಳವಿಗೆ ಸಿಕ್ಕಂತೆಯೇ. ಬಿಲ್ಲಿನ ಬೇಟೆಗಾರರು ಇನ್ನೂ ಹತ್ತಿರ, ಮರೆಯ ಕಿಟಕಿಯಿಂದ ಐದರಿಂದ ಹತ್ತು ಗಜದೊಳಗೆ, ಬೊಂಬೆ ನೆಡುವುದಕ್ಕೂ ಇದೇ ಕಾರಣ. ಬಾಣಕ್ಕೆ 20 ಗಜವೆಂದರೆ ಸಾಕಷ್ಟು ದೂರವೇ. ಹತ್ತಿರ ಇಟ್ಟರೆ ಹಕ್ಕಿಗೆ ಮರೆ ಕಂಡುಬಿಡುತ್ತದಲ್ಲ ಎಂಬ ಅಂಜಿಕೆ ಸಹಜವೇ, ಆದರೆ ಅದಕ್ಕೆ ಹೆಚ್ಚು ಆಧಾರವಿಲ್ಲ.

ಬೊಂಬೆಗಳಲ್ಲಿ ಮುಖ್ಯವಾಗಿ ಮೂರು ಬಗೆ ಉಂಟು. ಹೇಂಟೆಯ ಬೊಂಬೆ ಎಲ್ಲಕ್ಕಿಂತ ಸಾಮಾನ್ಯ. ಎರಡನೆಯದು ಜೇಕ್, ಅಂದರೆ ವರ್ಷ ತುಂಬಿದ ಎಳೆಯ ಹುಂಜ. ಎದೆಯ ಮೇಲಿನ ಕುಚ್ಚು ಗಿಡ್ಡವಾಗಿರುವುದು, ಬಾಲ ಬಿಚ್ಚಿದಾಗ ನಡುವಿನ ಗರಿಗಳು ಮಾತ್ರ ಉದ್ದವಾಗಿ ಎದ್ದು ಕಾಣುವುದು ಅದರ ಗುರುತು. ಬಲಿತ ಹುಂಜದ ಬಾಲ ಒಂದೇ ಸಮನಾಗಿ ಬಿಚ್ಚಿಕೊಳ್ಳುತ್ತದೆ. ಮೂರನೆಯದು ಪೂರ್ತಿ ಗರಿಗೆದರಿದ ಬಲಿತ ಹುಂಜದ ಬೊಂಬೆ. ಹೇಂಟೆಯ ಬೊಂಬೆ ಹುಂಜದ ಆಸೆಯನ್ನು ಕೆಣಕುತ್ತದೆ, ಜೇಕ್ ಅದರ ಹಮ್ಮನ್ನು ಕೆಣಕುತ್ತದೆ. ನಮ್ಮ ಬಯಲುಸೀಮೆಯಲ್ಲಿ ಹಿಂದೆ ಸಾಕಿದ ಗೌಜಲಕ್ಕಿಯನ್ನು ಪಂಜರದಲ್ಲಿಟ್ಟು ಕೂಗಿಸಿ, ತನ್ನ ಸರಹದ್ದಿಗೆ ಯಾರೋ ಬಂದರೆಂದು ಜಗಳಕ್ಕೆ ಧಾವಿಸುವ ಕಾಡಿನ ಗೌಜಲಕ್ಕಿಯನ್ನು ಹಿಡಿಯುತ್ತಿದ್ದವರು ಕೆಣಕುತ್ತಿದ್ದುದೂ ಈ ಹಮ್ಮನ್ನೇ. ಅಮೆರಿಕದ ಹೆಚ್ಚಿನ ರಾಜ್ಯಗಳಲ್ಲಿ ಜೀವಂತ ಟರ್ಕಿಯನ್ನು ಹಾಗೆ ಕಟ್ಟುವಂತಿಲ್ಲ. ನಮ್ಮಲ್ಲಂತೂ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಈಗ ಆ ಬೇಟೆಯೇ ಅಪರಾಧ.

ಜೇಕ್ ಬೊಂಬೆಯ ಮುಖ ಯಾವ ಕಡೆಗಿರಬೇಕು ಎಂಬುದು ಸಣ್ಣ ಸಂಗತಿಯಂತೆ ಕಂಡರೂ ಇಡೀ ಬೇಟೆಯ ಫಲಿತಾಂಶವನ್ನು ನಿರ್ಧರಿಸಬಲ್ಲದು. ಹುಂಜ ಹೇಂಟೆಯನ್ನು ಹಿಂದಿನಿಂದ ಸಮೀಪಿಸಲು ನೋಡುತ್ತದೆ. ಎದುರಾಳಿಯನ್ನಾದರೋ ಎದುರಿನಿಂದ, ಮುಖಕ್ಕೆ ಮುಖ ಕೊಟ್ಟು, ಎದುರಿಸುತ್ತದೆ. ಆದ್ದರಿಂದ ಜೇಕ್ ಬೊಂಬೆಯ ಮುಖ ಮರೆಯ ಕಡೆಗೆ ತಿರುಗಿರಬೇಕು. ಆಗ ಅದನ್ನು ಎದುರಿಸಲು ಬಂದ ಹುಂಜ ಸುತ್ತು ಹಾಕಿ ಬೊಂಬೆಗೂ ಮರೆಗೂ ನಡುವೆ ಬಂದು ನಿಲ್ಲುತ್ತದೆ, ಬೆನ್ನು ಬೇಟೆಗಾರನ ಕಡೆಗಿರುತ್ತದೆ. ಅದು ಗರಿಗೆದರಿದ್ದರೆ ಇನ್ನೂ ಒಳ್ಳೆಯದು. ಬಿಚ್ಚಿದ ಬಾಲವೇ ಪರದೆಯಾಗಿ ಅದಕ್ಕೆ ಹಿಂದಿನದೇನೂ ಕಾಣದಂತೆ ಮಾಡುತ್ತದೆ. ಬಿಲ್ಲನ್ನು ಎಳೆಯಲು, ಕೋವಿಯನ್ನು ಎರಡು ಅಂಗುಲ ಸರಿಸಲು ಇದಕ್ಕಿಂತ ಒಳ್ಳೆಯ ಗಳಿಗೆ ಸಿಗದು. ಬೊಂಬೆಯ ಮುಖ ಆಚೆಗೆ ತಿರುಗಿದ್ದರೆ ಹುಂಜವೂ ಆಚೆಯಿಂದಲೇ ಅದನ್ನು ಎದುರಿಸುತ್ತದೆ. ಆಗ ಬೊಂಬೆಯನ್ನು ದಿಟ್ಟಿಸುವ ಅದರ ಕಣ್ಣಿಗೆ ಬೊಂಬೆಯ ಹಿಂದಿನ ಮರೆಯೂ ನೇರವಾಗಿ ಬೀಳುತ್ತದೆ.

ಬೊಂಬೆಯ ಭಂಗಿಯ ಬಗ್ಗೆ ಇನ್ನೊಂದು ಮಾತು ಹೇಳಲೇಬೇಕು, ಏಕೆಂದರೆ ಇದನ್ನು ಕೊಳ್ಳುವಾಗ ಯಾರೂ ಗಮನಿಸುವುದಿಲ್ಲ. ಕತ್ತು ನೀಳವಾಗಿ ಚಾಚಿ, ತಲೆ ಎತ್ತಿ ನೆಟ್ಟಗೆ ನಿಂತ ಟರ್ಕಿ ಎಂದರೆ ಏನನ್ನೋ ಕಂಡು ಅಂಜಿದ ಟರ್ಕಿ. ಅಗ್ಗದ ಬೊಂಬೆಗಳಲ್ಲಿ ಅನೇಕವು ಇದೇ ಭಂಗಿಯಲ್ಲಿರುತ್ತವೆ, ಏಕೆಂದರೆ ಮನುಷ್ಯನ ಕಣ್ಣಿಗೆ ಅದು ಚೆಂದ. ಹಕ್ಕಿಯ ಕಣ್ಣಿಗೆ ಅದು ಅಪಾಯದ ಸೂಚನೆ. ಕತ್ತು ಕುಗ್ಗಿಸಿ ನೆಮ್ಮದಿಯಾಗಿ ನಿಂತ, ಇಲ್ಲವೇ ತಲೆ ಬಗ್ಗಿಸಿ ಮೇಯುವ, ಇಲ್ಲವೇ ಕೂಡಲು ಒಪ್ಪಿ ನೆಲಕ್ಕೆ ಒರಗಿದ ಹೇಂಟೆಯ ಬೊಂಬೆ ಎಷ್ಟೋ ಮೇಲು. ನಿಜವಾದ ಹೇಂಟೆಗಳನ್ನು ಮರೆಯುವಂತಿಲ್ಲ. ಹುಂಜಕ್ಕಿಂತ ಅನುಮಾನದ ಸ್ವಭಾವ ಅವಕ್ಕೆ ಹೆಚ್ಚು. ಒಂದು ಹೇಂಟೆ ಬೊಂಬೆಯ ಸುತ್ತ ಎರಡು ಸುತ್ತು ಹಾಕಿ, ಕತ್ತು ಚಾಚಿ, ಪಟ್ ಪಟ್ ಎಂದು ಎಚ್ಚರಿಕೆಯ ದನಿ ಹೊರಡಿಸಿತೆಂದರೆ ಅವಳ ಹಿಂದೆ ಬರುತ್ತಿದ್ದ ಹುಂಜವೂ ಅಲ್ಲಿಗೇ ತಿರುಗಿತೆಂದೇ ಲೆಕ್ಕ. ಅವಳು ನೆಮ್ಮದಿಯಾಗಿ ಮೇಯಲು ತೊಡಗಿದಳೋ, ಅವಳಿಗಿಂತ ಒಳ್ಳೆಯ ಬೊಂಬೆ ಬೇರೊಂದಿಲ್ಲ.

ಮಡಚಿ ಚೀಲದಲ್ಲಿಟ್ಟ ಫೋಮ್ ಬೊಂಬೆಯನ್ನು ಚಳಿಯ ನಸುಕಿನಲ್ಲಿ ಬಿಚ್ಚಿದರೆ ಅದರ ಪಕ್ಕೆಯಲ್ಲಿ ಮಡಿಕೆಯ ತಗ್ಗು ಹಾಗೆಯೇ ಉಳಿದಿರುತ್ತದೆ. ಹಿಂದಿನ ರಾತ್ರಿಯೇ ಮನೆಯೊಳಗೆ ಬಿಡಿಸಿಟ್ಟರೆ ಅದು ತನ್ನ ಆಕಾರಕ್ಕೆ ಮರಳುತ್ತದೆ. ಗಟ್ಟಿ ಪ್ಲಾಸ್ಟಿಕ್ಕಿನ ಬೊಂಬೆಯ ಮೇಲೆ ಇಬ್ಬನಿ ಕೂತು ಬಿಸಿಲು ಬಿದ್ದಾಗ ಮಿಂಚುತ್ತದೆ, ಟರ್ಕಿಯ ಗರಿಯೂ ಹೊಳೆಯುತ್ತದಾದರೂ ಆ ಬಗೆಯಲ್ಲಲ್ಲ. ಒಂದು ಬಟ್ಟೆಯ ತುಂಡು ಜೇಬಿನಲ್ಲಿದ್ದರೆ ಸಾಕು. ಗಾಳಿಯ ಚಿಂತೆ ಬೇರೆಯದು ಎಂದೆನಲ್ಲ, ಅದು ಇಲ್ಲಿ ಬರುತ್ತದೆ. ಗೂಟದ ಮೇಲೆ ಸಡಿಲವಾಗಿ ಕೂತ ಹಗುರ ಬೊಂಬೆ ತಂಗಾಳಿಗೆ ತುಸು ಅತ್ತಿತ್ತ ತೂಗಿದರೆ ಜೀವಂತಿಕೆ ಬರುತ್ತದೆ, ಆದರೆ ಗುಡ್ಡದ ನೆತ್ತಿಯ ಹೊಲದಲ್ಲಿ ಗಾಳಿ ಜೋರಾದಾಗ ಅದೇ ಬೊಂಬೆ ಬುಗುರಿಯ ಹಾಗೆ ಗಿರ್ರನೆ ಸುತ್ತುತ್ತದೆ. ಹಾಗೆ ಸುತ್ತುವ ಕೋಳಿಯನ್ನು ಯಾವ ಕೋಳಿಯೂ ಕಂಡಿರುವುದಿಲ್ಲ. ಬಾಲದ ಎರಡು ಪಕ್ಕಕ್ಕೆ ಒಂದೊಂದು ಕಡ್ಡಿ ನೆಟ್ಟರೆ ಬೊಂಬೆ ಆ ನಡುವೆ ಮಾತ್ರ ಆಡುತ್ತದೆ.

ಈಗ ನೆಲದ ವಿಷಯಕ್ಕೆ ಬರೋಣ. ಬಯಲು ಎಂದ ಮಾತ್ರಕ್ಕೆ ಸಮತಟ್ಟು ಎಂದುಕೊಳ್ಳಬಾರದು. ಡ್ರಿಫ್ಟ್‌ಲೆಸ್‌ನ ಹೊಲದಲ್ಲಂತೂ ಕೂತ ಮನುಷ್ಯನನ್ನು ಮುಚ್ಚುವಷ್ಟು ಏರು ತಗ್ಗುಗಳು ಎಲ್ಲೆಡೆ ಇರುತ್ತವೆ. ಬೇಟೆಗೆ ಮುಂಚಿನ ದಿನಗಳಲ್ಲಿ ಹೊಲವನ್ನು ದೂರದಿಂದ ದುರ್ಬೀನಿನಲ್ಲಿ ನೋಡಿಯೂ, ಹಕ್ಕಿಗಳಿಲ್ಲದ ನಡುಹಗಲಿನಲ್ಲಿ ಅಂಚಿನಲ್ಲಿ ನಡೆದಾಡಿಯೂ, ಅವು ಎಲ್ಲಿಂದ ಒಳಬರುತ್ತವೆ, ಎಲ್ಲಿ ನಿಂತು ಮೆರೆಯುತ್ತವೆ ಎಂಬುದನ್ನು ತಿಳಿದುಕೊಳ್ಳಬಹುದು. ಹುಂಜ ಮೆರೆಯುವ ಜಾಗದ ಮಣ್ಣು ಸಡಿಲವಾಗಿದ್ದರೆ ಕಾಲಿನ ಗುರುತಿನ ಎರಡು ಪಕ್ಕಕ್ಕೆ ರೆಕ್ಕೆಯ ತುದಿ ಎಳೆದ ಗೀರುಗಳು ಕಾಣುತ್ತವೆ. ಹಿಕ್ಕೆಯೂ ಮಾಹಿತಿ ಕೊಡುತ್ತದೆ: ಹುಂಜದ ಹಿಕ್ಕೆ ಉದ್ದಕ್ಕೆ ಇದ್ದು ತುದಿ ಕೊಕ್ಕೆಯಂತೆ ಬಾಗಿರುತ್ತದೆ, ಹೇಂಟೆಯದು ಸುರುಳಿ ಸುತ್ತಿಕೊಂಡಿರುತ್ತದೆ. ಎದೆಯ ಗರಿಯೊಂದು ಸಿಕ್ಕಿದರೆ ಅದರ ಅಂಚು ಕಪ್ಪಿದ್ದರೆ ಹುಂಜ, ತಿಳಿಕಂದು ಇದ್ದರೆ ಹೇಂಟೆ. ಕೊಯ್ಲಾದ ಮೆಕ್ಕೆಜೋಳದ ಕೂಳೆಯಲ್ಲಿ ಉದುರಿದ ಕಾಳು, ಹಟ್ಟಿಯ ಗೊಬ್ಬರ ಹರಡಿದ ಹೊಲದಲ್ಲಿ ಜೀರ್ಣವಾಗದೆ ಉಳಿದ ಕಾಳು, ಆಲ್ಫಾಲ್ಫಾದಲ್ಲಿ ಎಳೆಯ ಚಿಗುರು ಮತ್ತು ಹುಳುಗಳು ಅವುಗಳನ್ನು ಸೆಳೆಯುತ್ತವೆ. ಮಳೆ ಬಂದು ಕಾಡೆಲ್ಲ ತೊಟ್ಟಿಕ್ಕುವಾಗ ಶತ್ರುವಿನ ಸಪ್ಪಳ ಕೇಳಿಸದೆಂದೋ ಏನೋ, ಟರ್ಕಿಗಳು ಬಯಲಿಗೆ ಬಂದು ಬೀಡುಬಿಡುತ್ತವೆ. ಮರೆಯಲ್ಲಿ ನೆನೆಯದೆ ಕೂರಬಲ್ಲವನಿಗೆ ಮಳೆಯ ಬೆಳಗು ನಷ್ಟವೇನಲ್ಲ.

ಬೊಂಬೆಯನ್ನು ದಿಬ್ಬದ ಮೇಲೆ ಎಲ್ಲ ಕಡೆಗೂ ಕಾಣುವಂತೆ ಇಡಬೇಕೋ, ಇಲ್ಲ ದಿಬ್ಬದ ಈಚೆಗೆ ಇಟ್ಟು ಹಕ್ಕಿಗೆ ಕೊನೆಯ ಗಳಿಗೆಯಲ್ಲಿ ಮಾತ್ರ ಕಾಣುವಂತೆ ಮಾಡಬೇಕೋ ಎಂಬುದರ ಬಗ್ಗೆ ಬೇಟೆಗಾರರಲ್ಲಿ ಎರಡು ಪಂಥಗಳಿವೆ. ಮೊದಲನೆಯವರ ವಾದ ಸರಳ: ಕಾಣದ ಆಮಿಷ ಆಮಿಷವೇ ಅಲ್ಲ. ಋತುವಿನ ಆರಂಭದಲ್ಲಿ, ಹುಂಜಗಳು ಇನ್ನೂ ಯಾರು ಮೇಲೆಂದು ಕಾದಾಡುತ್ತಿರುವ ದಿನಗಳಲ್ಲಿ, ಇನ್ನೂರು ಗಜ ದೂರದಿಂದ ಜೇಕ್ ಬೊಂಬೆಯನ್ನು ಕಂಡು ಓಡೋಡಿ ಬಂದು ಅದನ್ನು ಕುಕ್ಕಿ ಕೆಡವುವ ಹುಂಜಗಳುಂಟು. ಅಂಥವಕ್ಕೆ ದಿಬ್ಬವೇ ಸರಿ. ಆದರೆ ಮೇ ತಿಂಗಳಲ್ಲಿ, ಆಗಲೇ ಕೆಲವು ಬೊಂಬೆಗಳನ್ನು ಕಂಡು ಪಾಠ ಕಲಿತ ಹಕ್ಕಿಗಳ ಮೇಲೆ, ನನ್ನ ಒಲವು ಎರಡನೆಯ ಪಂಥದ ಕಡೆಗೆ. ಹಕ್ಕಿ ಏರು ಹತ್ತಿ ನೆತ್ತಿಗೆ ಬಂದಾಗ ಬೊಂಬೆ ಅದರಿಂದ 15 ಗಜದಲ್ಲಿ, ಮರೆ 30 ಗಜದಲ್ಲಿ ಇದ್ದರೆ, ಅದು ಬೊಂಬೆಯನ್ನು ಕಂಡು ನಿಲ್ಲುವ ಜಾಗವೇ ಕೋವಿಯ ಅಳವಿನ ಜಾಗವಾಗುತ್ತದೆ. ಅದು ಇನ್ನು ಬರಲಿ ಬಿಡಲಿ, ಕಾದು ಕೂತವನ ಲೆಕ್ಕ ಅಲ್ಲಿಗೇ ತೀರುತ್ತದೆ.

ಕೂಳೆ ಹೊಲಕ್ಕೂ ಮರೆಗೂ ನಡುವೆ ತಂತಿಬೇಲಿಯೋ, ಹಳ್ಳವೋ, ಆಳದ ಕಾಲುವೆಯೋ ಇದ್ದರೆ ಹುಂಜ ಅದನ್ನು ದಾಟಲು ಮನಸ್ಸು ಮಾಡದು. ಕಾಡಿನೊಳಗೆ ಹಾರಿ ದಾಟಬಲ್ಲ ಹಕ್ಕಿ, ಗಂಟೆಗೆ ನಲವತ್ತು ಕಿಲೋಮೀಟರ್ ವೇಗದಲ್ಲಿ ಓಡಬಲ್ಲ ಹಕ್ಕಿ, ಮೊಣಕಾಲೆತ್ತರದ ಬೇಲಿಯ ಮುಂದೆ ಅರ್ಧ ತಾಸು ಅತ್ತಿತ್ತ ಓಡಾಡಿ ವಾಪಸು ಹೋಗುವುದನ್ನು ನೋಡಿದರೆ ನಗು ಬರುತ್ತದೆ. ಕಾರಣವೇನಾದರೂ ಇರಲಿ, ಹಕ್ಕಿಯಿರುವ ಕಡೆಯೇ ಬೊಂಬೆ ಮತ್ತು ಮರೆ ಎರಡೂ ಇರಬೇಕು.

ಇನ್ನು ಮರೆ. ಮಲೆನಾಡಿನಲ್ಲಿ ಮರಸು ಕೂರುವವರು ಮರದ ಮೇಲೆ ಅಟ್ಟಣೆ ಕಟ್ಟಿಯೋ ಪೊದೆಯ ಹಿಂದೆ ಸೊಪ್ಪು ಕಡಿದು ಹಾಕಿಯೋ ಕೂರುತ್ತಿದ್ದರು. ವಿಸ್ಕಾನ್ಸಿನ್‌ನ ಹೊಲದಲ್ಲಿ ಈಗ ಹೆಚ್ಚಾಗಿ ಕಾಣುವುದು ಕೊಡೆಯಂತೆ ಬಿಚ್ಚಿಕೊಳ್ಳುವ, ಇಬ್ಬರು ಕುರ್ಚಿ ಹಾಕಿಕೊಂಡು ಕೂರಬಹುದಾದ ಬಟ್ಟೆಯ ಗುಡಾರ. ಜಿಂಕೆ ಹೊಸ ಗುಡಾರವನ್ನು ಕಂಡರೆ ದಿನಗಟ್ಟಲೆ ಹತ್ತಿರ ಸುಳಿಯದೆ ಇರಬಹುದು. ಟರ್ಕಿಯ ಸ್ವಭಾವ ವಿಚಿತ್ರ: ನಿನ್ನೆ ಇಲ್ಲದ ಗುಡಾರ ಇವತ್ತು ಹೊಲದ ನಟ್ಟನಡುವೆ ಎದ್ದಿದ್ದರೂ ಅದರ ಪಕ್ಕದಲ್ಲೇ ಮೇಯುತ್ತ ಹೋಗುತ್ತದೆ. ಹುಲ್ಲಿನ ದುಂಡು ಪಿಂಡಿಗಳು, ಯಂತ್ರಗಳು ಬಂದು ಹೋಗುವ ಹೊಲದಲ್ಲಿ ಬೆಳೆದ ಹಕ್ಕಿಗೆ ಅಲುಗಾಡದ ವಸ್ತುಗಳ ಭಯವಿಲ್ಲವೆಂದು ತೋರುತ್ತದೆ. ಅಲುಗಾಡಿದರೆ ಮಾತ್ರ ಕ್ಷಮೆಯಿಲ್ಲ. ಗಾಳಿಗೆ ಪಟಪಟ ಬಡಿಯುವ ಬಟ್ಟೆಯ ಒಂದು ಚುಂಗು ಸಾಕು, ಹೊಲ ಖಾಲಿಯಾಗಲು. ಆದ್ದರಿಂದ ಮೂಲೆಗಳ ಗೂಟಗಳನ್ನಷ್ಟೇ ಅಲ್ಲ, ಪಕ್ಕಗಳನ್ನೂ ಹಗ್ಗ ಕಟ್ಟಿ ಬಿಗಿಯಬೇಕು, ಕಿಟಕಿಯ ಪಟ್ಟಿಗಳನ್ನು ಒಳಗೆ ಸಿಕ್ಕಿಸಬೇಕು.

ಗುಡಾರದ ಒಳಗೋಡೆ ಕಪ್ಪಗಿರುವುದು ಸುಮ್ಮನೆ ಅಲ್ಲ. ಹೊರಗಿನ ಬೆಳಕಿನಲ್ಲಿ ನಿಂತ ಹಕ್ಕಿಗೆ ಕತ್ತಲೆಯ ಕಿಟಕಿಯೊಳಗೆ ಏನೂ ಕಾಣುವುದಿಲ್ಲ, ಆದರೆ ಆ ಕತ್ತಲೆಯನ್ನು ಕಾಪಾಡಿಕೊಳ್ಳುವುದು ಕೂತವನ ಕೆಲಸ. ಎದುರಿನ ಕಿಟಕಿಯೊಂದಿಗೆ ಹಿಂದಿನ ಕಿಟಕಿಯನ್ನೂ ತೆರೆದಿಟ್ಟರೆ ಬೆಳಕು ಆರಪಾರಾಗಿ, ಒಳಗಿನವನ ತಲೆ ಭುಜಗಳ ಆಕೃತಿ ಸ್ಪಷ್ಟವಾಗಿ ಕಾಣುತ್ತದೆ. ಬಹಳ ಜನ ಎಲೆಬಣ್ಣದ ದುಬಾರಿ ಉಡುಪು ಹಾಕಿಕೊಂಡು ಗುಡಾರದಲ್ಲಿ ಕೂರುತ್ತಾರೆ. ಅಲ್ಲಿ ಬೇಕಾದದ್ದು ಕಪ್ಪು ಅಂಗಿ, ಕಪ್ಪು ಕೈಗವಸು, ಮುಖಕ್ಕೆ ಕಪ್ಪು ಮುಸುಕು. ಕಿಟಕಿಗೆ ಒತ್ತಿ ಕೂರದೆ ಹಿಂದಕ್ಕೆ ಸರಿದು ಕೂರಬೇಕು, ಕೋವಿಯ ನಳಿಗೆ ಕಿಟಕಿಯಿಂದಾಚೆ ಚಾಚಿರಬಾರದು. ಕರ್ನಾಟಕದಲ್ಲಿ ಹಕ್ಕಿಗಳ ಫೋಟೊ ತೆಗೆಯುವವರು ಕೂರುವ ಹೈಡ್‌ಗಳಲ್ಲಿಯೂ ಇದೇ ನಿಯಮ ನಡೆಯುತ್ತದೆ, ನಳಿಗೆಯ ಜಾಗದಲ್ಲಿ ಲೆನ್ಸ್ ಇರುತ್ತದೆ ಅಷ್ಟೆ.

ಸೂರ್ಯನ ದಿಕ್ಕನ್ನು ಮರೆತರೆ ಇಷ್ಟೆಲ್ಲ ಮಾಡಿಯೂ ಕೆಡುತ್ತದೆ. ಬೆಳಗಿನ ಬೇಟೆಗೆ ಹೊಲದ ಪೂರ್ವದ ಅಂಚು ಉತ್ತಮ. ಬೇಟೆಗಾರ ಪಶ್ಚಿಮಕ್ಕೆ ಮುಖ ಮಾಡಿದಾಗ ಹಿಂದಿನ ಮರಗಳ ನೆರಳು ಮರೆಯ ಮೇಲೆ ಬೀಳುತ್ತದೆ, ಬಿಸಿಲು ಬೊಂಬೆಯ ಮೇಲೂ ಹಕ್ಕಿಯ ಕಣ್ಣಿಗೂ ಬೀಳುತ್ತದೆ. ಪಶ್ಚಿಮದ ಅಂಚಿನಲ್ಲಿ ಕೂತರೆ ಏಳು ಗಂಟೆಯ ಎಳೆಬಿಸಿಲು ನೇರವಾಗಿ ಕಿಟಕಿಯೊಳಗೆ ನುಗ್ಗಿ, ಕಪ್ಪು ಗೋಡೆಯ ಮುಂದೆ ಕೂತ ಮನುಷ್ಯನ ಮುಖವನ್ನು ಬೆಳಗಿಸುತ್ತದೆ. ಸಂಜೆಗೆ ಈ ಲೆಕ್ಕ ತಿರುಗುಮುರುಗಾಗುತ್ತದೆ.

ಕತ್ತಲಿರುವಾಗಲೇ ಹೊಲ ಸೇರಬೇಕು. ವಿಸ್ಕಾನ್ಸಿನ್‌ನಲ್ಲಿ ಸೂರ್ಯೋದಯಕ್ಕೆ ಅರ್ಧ ತಾಸು ಮೊದಲೇ ಬೇಟೆಯ ಸಮಯ ಆರಂಭವಾಗುತ್ತದೆ, ಹುಂಜ ಅದಕ್ಕೂ ಮೊದಲೇ ಮರದ ಮೇಲೆ ಎಚ್ಚರಗೊಂಡಿರುತ್ತದೆ. ಹೊಲದ ಅಂಚಿನ ಓಕ್ ಮರದಲ್ಲಿಯೇ ಅದು ರಾತ್ರಿ ಕೂತಿದ್ದರೆ ಹೊಲದ ನಡುವೆ ಟಾರ್ಚು ಹಿಡಿದು ನಡೆಯುವವನನ್ನು ಅದು ಮೇಲಿನಿಂದ ಪೂರ್ತಿ ನೋಡುತ್ತದೆ. ಗುಡಾರವನ್ನು ಹಿಂದಿನ ದಿನ ನಡುಹಗಲಿನಲ್ಲೇ ಹಾಕಿಟ್ಟಿದ್ದರೆ ನಸುಕಿನ ಕೆಲಸ ಅರ್ಧ ಕಡಿಮೆಯಾಗುತ್ತದೆ; ತಗ್ಗಿನಲ್ಲೋ ಬೇಲಿಯ ಸಾಲಿನ ಮರೆಯಲ್ಲೋ ಬಂದು, ಬೊಂಬೆ ನೆಟ್ಟು, ಒಳಗೆ ಸೇರಿಕೊಂಡರಾಯಿತು. ಬೊಂಬೆ ನೆಡುವಾಗ ಹೆಜ್ಜೆ ಎಣಿಸಿ ದೂರ ಗುರುತಿಟ್ಟುಕೊಳ್ಳುವುದು ಒಳ್ಳೆಯದು, 40 ಗಜಕ್ಕೆ ಒಂದು ಕಡ್ಡಿ ನೆಟ್ಟರೆ ಇನ್ನೂ ಒಳ್ಳೆಯದು. ಹೋಲಿಸಿ ನೋಡಲು ಮರಗಿಡಗಳಿಲ್ಲದ ಬಯಲಿನಲ್ಲಿ ಅರವತ್ತು ಗಜದ ಹುಂಜ ನಲವತ್ತು ಗಜದಲ್ಲಿದ್ದಂತೆ ತೋರುವುದು ಸಾಮಾನ್ಯ. ಗುಂಡು ಹಾರಿಸುವ ಗಳಿಗೆಯ ಬಗ್ಗೆಯೂ ಒಂದು ಮಾತು: ಗುರಿ ತಲೆ ಮತ್ತು ಕತ್ತಿನದು. ಪೂರ್ತಿ ಗರಿಗೆದರಿದ ಹುಂಜ ಕತ್ತನ್ನು ಎದೆಯ ಗರಿಗಳೊಳಗೆ ಹುದುಗಿಸಿಕೊಂಡಿರುತ್ತದೆ. ಅದು ಗರಿ ಇಳಿಸಿ ಕತ್ತು ಚಾಚುವವರೆಗೆ ಕಾಯಬೇಕು.

ಋತು ಸರಿದಂತೆ ಬೊಂಬೆಯ ಆಯ್ಕೆ ಬದಲಾಗಬೇಕು. ಏಪ್ರಿಲ್‌ನಲ್ಲಿ ಹುಂಜದ ಜೊತೆಗೆ ನಿಜವಾದ ಹೇಂಟೆಗಳ ಹಿಂಡೇ ಇರುತ್ತದೆ. ಕೈಯಲ್ಲಿರುವುದನ್ನು ಬಿಟ್ಟು ಅದು ನಿಮ್ಮ ಫೋಮ್ ಹೇಂಟೆಗೆ ಏಕೆ ಬಂದೀತು? ಆಗ ಕೆಲಸ ಮಾಡುವುದು ಒರಗಿದ ಹೇಂಟೆಯ ಪಕ್ಕ ನಿಂತ ಜೇಕ್. ಹೇಂಟೆ ದಿನಕ್ಕೊಂದರಂತೆ ಹತ್ತು ಹನ್ನೆರಡು ಮೊಟ್ಟೆಯಿಟ್ಟು ಕಾವಿಗೆ ಕೂತ ಮೇಲೆ ಸುಮಾರು 28 ದಿನ ಗೂಡು ಬಿಟ್ಟು ಹೆಚ್ಚು ಹೊತ್ತು ಹೊರಬರುವುದಿಲ್ಲ. ಮೇ ತಿಂಗಳಲ್ಲಿ ಬೆಳಗ್ಗೆ ಒಂಬತ್ತು ಹತ್ತರ ಹೊತ್ತಿಗೆ ಹುಂಜ ಒಂಟಿಯಾಗಿ ಹೊಲಗಳಲ್ಲಿ ಅಲೆಯುತ್ತಿರುತ್ತದೆ. ಆಗ ಒಂದೇ ಒಂದು ಹೇಂಟೆಯ ಬೊಂಬೆ, ಅಪರೂಪಕ್ಕೊಮ್ಮೆ ಮೆಲುವಾದ ಕರೆ ಸಾಕು. ಋತುವಿಡೀ ಒದೆ ತಿಂದು ಬೇಸತ್ತ ಎರಡು ವರ್ಷದ ಹುಂಜ ಗರಿಗೆದರಿದ ದೊಡ್ಡ ಬೊಂಬೆಯನ್ನು ಕಂಡರೆ ಬಂದ ದಾರಿಗೆ ಸುಂಕವಿಲ್ಲವೆಂದು ಹಿಂದಿರುಗುತ್ತದೆ. ಹಕ್ಕಿ ಬೊಂಬೆಯನ್ನು ಕಂಡು ನಡೆಯತೊಡಗಿದ ಮೇಲೆ ಮತ್ತೆ ಮತ್ತೆ ಕರೆಯುವುದು ಅನಗತ್ಯವೂ ಹೌದು, ಅಪಾಯವೂ ಹೌದು. ದನಿ ಬಂದ ಜಾಗವನ್ನು ಅದು ಕರಾರುವಾಕ್ಕಾಗಿ ಗುರುತಿಸುತ್ತದೆ, ಆ ಜಾಗ ಬೊಂಬೆಯದಾಗಿರದೆ ಗುಡಾರದ್ದಾಗಿರುತ್ತದೆ.

ಅಪಾಯದ ಮಾತನ್ನು ಕೊನೆಗೆ ಇಟ್ಟದ್ದು ಅದು ಸಣ್ಣದೆಂದಲ್ಲ. ನಿಜವಾದ ಹಕ್ಕಿಯನ್ನು ಮೋಸಗೊಳಿಸುವಷ್ಟು ಒಳ್ಳೆಯ ಬೊಂಬೆ ಇನ್ನೊಬ್ಬ ಬೇಟೆಗಾರನನ್ನೂ ಮೋಸಗೊಳಿಸುತ್ತದೆ. ಬೊಂಬೆಯನ್ನು ಹೊತ್ತು ನಡೆಯುವಾಗ ಅದು ಚೀಲದೊಳಗೆ, ಕೆಂಪು ತಲೆ ಹೊರಗೆ ಕಾಣದಂತೆ, ಇರಬೇಕು. ಹುಂಜದ ತಲೆಯಲ್ಲಿರುವ ಕೆಂಪು, ಬಿಳಿ, ನೀಲಿ ಬಣ್ಣಗಳು ಉಡುಪಿನಲ್ಲಿ, ಕರವಸ್ತ್ರದಲ್ಲಿ ಕೂಡ ಇರಬಾರದು. ಗುಡಾರವಿಲ್ಲದೆ ಕೂರುವವರು ಭುಜಕ್ಕಿಂತ ಅಗಲವಾದ ಮರಕ್ಕೆ ಬೆನ್ನು ಕೊಟ್ಟು ಕೂರುತ್ತಾರೆ. ಯಾರಾದರೂ ಬೊಂಬೆಯ ಕಡೆಗೆ ಬರುತ್ತಿರುವುದು ಕಂಡರೆ ಕೈ ಬೀಸಬಾರದು, ಹಕ್ಕಿಯ ದನಿ ಹೊರಡಿಸಲೂಬಾರದು. ಅಲುಗಾಡದೆ, ಮನುಷ್ಯನ ದನಿಯಲ್ಲಿ, ಗಟ್ಟಿಯಾಗಿ ಕೂಗಿ ಹೇಳಬೇಕು. ಗರಿಗೆದರಿದ ಬಾಲವನ್ನು ಮುಖದ ಮುಂದೆ ಹಿಡಿದು ಬಯಲಿನಲ್ಲಿ ತೆವಳುತ್ತ ಹುಂಜದ ಬಳಿ ಸಾಗುವ ಹೊಸ ಪದ್ಧತಿಯೊಂದು ವಿಡಿಯೊಗಳಿಂದ ಹೆಸರು ಮಾಡಿದೆ. ಬೇರೆಯವರು ಬರಬಹುದಾದ ಜಮೀನಿನಲ್ಲಿ ಇದು ತಲೆಯನ್ನು ತಾನೇ ಗುರಿಯಾಗಿ ಒಡ್ಡಿದಂತೆ, ಕೆಲವು ರಾಜ್ಯಗಳು ಸಾರ್ವಜನಿಕ ಜಮೀನಿನಲ್ಲಿ ಇದನ್ನು ನಿಷೇಧಿಸಿರುವುದು ನ್ಯಾಯವೇ. ಅಲಬಾಮಾ ರಾಜ್ಯವಂತೂ ವಸಂತ ಋತುವಿನ ಮೊದಲ ಹತ್ತು ದಿನ ಬೊಂಬೆಯ ಬಳಕೆಯನ್ನೇ ನಿಲ್ಲಿಸಿದೆ. ನಿಯಮಗಳು ರಾಜ್ಯದಿಂದ ರಾಜ್ಯಕ್ಕೆ, ವರ್ಷದಿಂದ ವರ್ಷಕ್ಕೆ ಬದಲಾಗುತ್ತವೆ. ವಿಸ್ಕಾನ್ಸಿನ್‌ನಲ್ಲಿ 1973ರ ಜನವರಿ 1 ಅಥವಾ ಅದರ ನಂತರ ಹುಟ್ಟಿದವರು ಬೇಟೆ ಸುರಕ್ಷತಾ ತರಬೇತಿ ಮುಗಿಸಿಯೇ ಪರವಾನಗಿ ಕೇಳಬೇಕಾಗುವುದರಿಂದ, ಅಲ್ಲಿ ನೆಲೆಸಿರುವ ನಮ್ಮವರಲ್ಲಿ ಆಸಕ್ತಿ ಇರುವವರು ಆ ತರಗತಿಯಿಂದಲೇ ಆರಂಭಿಸುವುದು ಸರಿಯಾದ ದಾರಿ.

ಬೇಟೆ ಕೈಗೂಡದ ಬೆಳಗಿನಲ್ಲಿ ಹೊಲದಿಂದ ಹೊರಬರುವುದಕ್ಕೂ ಒಂದು ಕ್ರಮವಿದೆ. ಎಂಬತ್ತು ಗಜದಲ್ಲಿ ಹುಂಜ ಇನ್ನೂ ಮೆರೆಯುತ್ತಿರುವಾಗ ಬೇಸರಪಟ್ಟು ಗುಡಾರದ ಜಿಪ್ ಎಳೆದು ಎದ್ದು ನಿಂತರೆ, ಆ ಹಕ್ಕಿ ಗುಡಾರವನ್ನೂ ಬೊಂಬೆಯನ್ನೂ ಮನುಷ್ಯನೊಂದಿಗೆ ಜೋಡಿಸಿ ನೆನಪಿಟ್ಟುಕೊಳ್ಳುತ್ತದೆ, ಮರುದಿನ ಆ ಹೊಲಕ್ಕೆ ಬಂದರೂ ಆ ಮೂಲೆಯನ್ನು ಬಳಸಿ ಹೋಗುತ್ತದೆ. ಕೊನೆಯ ಹಕ್ಕಿ ಕಾಡಿಗೆ ಸರಿಯುವವರೆಗೆ ಒಳಗೇ ಕೂತಿದ್ದು, ಅದು ಯಾವ ಸಂದಿಯಿಂದ ಒಳಹೋಯಿತೆಂದು ಗುರುತಿಟ್ಟುಕೊಂಡು, ಆಮೇಲೆ ಬೊಂಬೆ ಕಿತ್ತು ಚೀಲಕ್ಕೆ ಹಾಕಬೇಕು. ಮರುದಿನದ ಗುಡಾರ ಆ ಸಂದಿಯಿಂದ ಇಪ್ಪತ್ತು ಗಜದಲ್ಲಿರಬೇಕು.